ಅವ್ವನ ಗಂಜಿ, ಮಗಳ ಓಟ

ತಾವರಗೇರಾದಲ್ಲಿ ಗಾದಿ ಮಾಡುವ ಜಿಲಾನಸಾಬನ ಮನೆ ಯಾವುದೆಂದು ಯಾರೂ ಕೇಳಬೇಕಾಗಿಲ್ಲ. ಹತ್ತಿ ಹಿಂಜುವ ಯಂತ್ರ ಶುರುವಾದರೆ ಸಾಕು, ಇಡೀ ಓಣಿಗೆ ಗೊತ್ತಾಗುತ್ತದೆ. ಅರಳೆಯ ಎಳೆಗಳು ಗಾಳಿಗೆ ತೇಲಿ ಹೋಗಿ ಎದುರು ಮನೆಯ ಕಳಕಮ್ಮ ಒಣಹಾಕಿದ ಹಪ್ಪಳದ ಮೇಲೆ ಕೂರುತ್ತವೆ, ಕಳಕಮ್ಮ ಒಳಗಿನಿಂದಲೇ ಬೈಯುತ್ತಾಳೆ. ಬಾಗಿಲ ಮೇಲಿನ ಹಲಗೆಯಲ್ಲಿ 'ಜಿಲಾನಸಾಬ ಮತ್ತು ಮಗ, ಗಾದಿ ತಯಾರಕರು' ಎಂದು ಬರೆಸಿದ್ದಾರೆ. ಆದರೆ ಅರಳೆ ತುಂಬಿದ ಮೇಲೆ ಗಾದಿಯ ಮೇಲೆ ಮಂಡಿಯೂರಿ ಕುಳಿತು, ಗೇಣುದ್ದದ ದಬ್ಬಣ ಚುಚ್ಚಿ, ದಾರ ಎಳೆದು ಟಾಕು ಹಾಕುವವಳು ಹೆಂಡತಿ ಸರ್ದಾರಬೀ. ಹಲಗೆಯ ಮೇಲೆ ಅವಳ ಹೆಸರಿಗೆ ಜಾಗವಿರಲಿಲ್ಲ. ಮಗ ಮಂಜೂರನ ಕೆಲಸ, ಸಿದ್ಧವಾದ ಗಾದಿಯನ್ನು ಗಾಡಿಗೆ ಹೇರಿ ಗಿರಾಕಿಯ ಮನೆ ಮುಟ್ಟಿಸುವುದು.

ಮಗಳು ಮೆಹಜಬೀನ ಓಡುತ್ತಾಳೆ.

ಊರಿನವರಿಗೆ ಇದನ್ನು ಒಂದು ಕೆಲಸವೆಂದು ಒಪ್ಪಿಕೊಳ್ಳಲು ಇವತ್ತಿಗೂ ಆಗಿಲ್ಲ. ಹೈಸ್ಕೂಲಿನಲ್ಲಿದ್ದಾಗ ತಾಲೂಕು ಕ್ರೀಡಾಕೂಟದಲ್ಲಿ ಬರಿಗಾಲಲ್ಲಿ ಓಡಿ ಎಲ್ಲರನ್ನೂ ಹಿಂದೆ ಹಾಕಿದಳು. ಕುಷ್ಟಗಿಯ ದೈಹಿಕ ಶಿಕ್ಷಕ ಉಮಾಪತಿ ಸರ್ ಅವಳನ್ನು ಕರೆದು, "ಗಟ್ಟಿ ಉಸಿರೈತಿ ನಿಂದು, ದೂರದ ಓಟ ಹಿಡಿ" ಎಂದರು. ಅವತ್ತಿನಿಂದ ಹತ್ತು ಸಾವಿರ ಮೀಟರ್ ಅವಳ ಓಟವಾಯಿತು. ಡಿಗ್ರಿ ಮುಗಿಯಿತು, ಜೊತೆಯ ಹುಡುಗಿಯರ ಲಗ್ನವಾಯಿತು, ಅವರ ಮಕ್ಕಳು ಅಂಗನವಾಡಿಗೆ ಹೋಗತೊಡಗಿದರು. ಇವಳು ಮಾತ್ರ ಬೆಳಗಾಗುವ ಮೊದಲು ಚೂಡಿದಾರದ ಮೇಲೆ ಅಣ್ಣನ ಹಳೆಯ ಅಂಗಿ ತೊಟ್ಟು, ಓಢಣಿಯನ್ನು ಸೊಂಟಕ್ಕೆ ಬಿಗಿದು ಮುದಗಲ್ ರಸ್ತೆ ಹಿಡಿಯುತ್ತಾಳೆ. ಹಾಲಿನ ಗಾಡಿಯವರು ಹಾರ್ನ್ ಹೊಡೆಯುತ್ತಾರೆ. ನಮಾಜು ಮುಗಿಸಿ ಬರುವ ಹಿರಿಯರು ನೆಲ ನೋಡುತ್ತ ದಾಟುತ್ತಾರೆ. ಯಾರೋ ಒಬ್ಬ ಬೈಕು ನಿಧಾನ ಮಾಡಿ, "ಯಾರ ಬೆನ್ನ ಹತ್ಯಾರ ತಂಗಿ?" ಎಂದು ಕೇಳಿ, ತನ್ನ ಮಾತಿಗೆ ತಾನೇ ನಕ್ಕು ಮುಂದೆ ಹೋಗುತ್ತಾನೆ.

ಮಗಳು ಓಡುವಾಗ ಮನೆಯ ಕೆಲಸ ನಿಲ್ಲುತ್ತದೆಯೇ? ಇಲ್ಲ. ಕೈ ಬದಲಾಗುತ್ತದೆ, ಅಷ್ಟೇ. ನಳಕ್ಕೆ ಕೊಡ ಹಚ್ಚುವುದು, ಕಸ ಹೊಡೆಯುವುದು, ಸಜ್ಜೆ ರೊಟ್ಟಿ ಬಡಿಯುವುದು ಮೊದಲು ತಾಯಿ ಮಗಳು ಹಂಚಿಕೊಂಡ ಕೆಲಸಗಳಾಗಿದ್ದವು. ಓಟ ಹೆಚ್ಚಿದಂತೆ ಒಂದೊಂದಾಗಿ ಸರ್ದಾರಬೀಯ ಪಾಲಿಗೆ ಜಾರಿದವು. ಗಂಡನಾಗಲಿ ಮಗನಾಗಲಿ ಇದನ್ನು ಗಮನಿಸಲಿಲ್ಲ; ಬಿಸಿ ರೊಟ್ಟಿ ತಾಟಿಗೆ ಬೀಳುವುದು ತಡವಾಗಿರಲಿಲ್ಲವಲ್ಲ. ಸರ್ದಾರಬೀಯ ಮಂಡಿಗಳು ಬಾತಿದ್ದವು. ಸಂತೆಯ ದಿನ ಅವಳು ಔಷಧಿ ಅಂಗಡಿಗೆ ಹೋಗಿ, ಕಾಗದದ ಪೊಟ್ಟಣದಲ್ಲಿ ಬಿಡಿ ಗುಳಿಗೆ ಕಟ್ಟಿಸಿಕೊಂಡು ಬರುತ್ತಿದ್ದಳು. ಹೊಲಕ್ಕೆ ಕಳೆ ತೆಗೆಯಲು ಹೋಗುವ ಹೆಂಗಸರೂ ಅದನ್ನೇ ಒಯ್ಯುತ್ತಿದ್ದರು. ಗುಳಿಗೆಗೆ ಹೆಸರಿರಲಿಲ್ಲ. "ಮೈಕೈ ನೋವಿಂದು ಕೊಡ್ರಿ" ಎಂದರೆ ಸಾಕು. ನುಂಗಿದ ಅರ್ಧ ತಾಸಿಗೆ ಮೈ ಹಗುರಾಗುತ್ತಿತ್ತು, ಮತ್ತೆ ಗಾದಿಯ ಮೇಲೆ ಮಂಡಿಯೂರಬಹುದಿತ್ತು.

ಓಟದ ಕಷ್ಟಗಳನ್ನು ಹೇಳಿಕೊಳ್ಳಲು ಮೆಹಜಬೀನಳಿಗೆ ಊರಲ್ಲಿ ಯಾರೂ ಇರಲಿಲ್ಲ. ಸರ್ ಫೋನಿನಲ್ಲಿ "ಇವತ್ತ ನಿಧಾನ ಓಡು", "ನಾಳಿ ಜೋರ್ ಹಚ್ಚು" ಎನ್ನುತ್ತಿದ್ದರು. ಮಳೆಗಾಲದಲ್ಲಿ ಎರೆಮಣ್ಣು ಬೂಟಿಗೆ ಮೆತ್ತಿ ಕಾಲು ಕಲ್ಲಾಗುವುದನ್ನು ಅವರಿಗೆ ಹೇಳಬಹುದಿತ್ತು. ಮುಟ್ಟಿನ ಮೊದಲ ದಿನ ಓಡಬೇಕೋ ಬೇಡವೋ, ಒಳಬಟ್ಟೆ ತಿಕ್ಕಿ ತೊಡೆಯ ಚರ್ಮ ಕಿತ್ತರೆ ಏನು ಹಚ್ಚಬೇಕು, ಇದನ್ನೆಲ್ಲ ಹೇಗೆ ಕೇಳುವುದು? ಇವನ್ನು ಕೇಳಲು ಒಬ್ಬಳಿದ್ದಳು, ಕುಷ್ಟಗಿಯ ಅರಿವೆ ಅಂಗಡಿಯವರ ಮಗಳು ಲಲಿತಾ. ಭಾನುವಾರ ಇಬ್ಬರೂ ಸರ್ ಹತ್ತಿರ ಕೂಡಿ ಓಡುತ್ತಿದ್ದರು, ಓಡುತ್ತಲೇ ಮಾತಾಡುತ್ತಿದ್ದರು.

ಹೋದ ವರ್ಷ ಕೊಪ್ಪಳದಲ್ಲಿ ಓಟಗಾರರನ್ನು ಕೂಡಿಸಿ, ಡಾಕ್ಟರೊಬ್ಬರಿಂದ ಉದ್ದೀಪನ ಮದ್ದಿನ ಬಗ್ಗೆ ಭಾಷಣ ಮಾಡಿಸಿದ್ದರು. ಯಾವ ಯಾವ ಸೂಜಿ, ಯಾವ ಯಾವ ಗುಳಿಗೆ ತಪ್ಪು, ನೋವಿನ ಗುಳಿಗೆಯಲ್ಲೂ ಸ್ಟೀರಾಯ್ಡ್ ಇರಬಹುದು ಎಂದೆಲ್ಲ ಅವರು ಹೇಳಿದರು. ವಾಪಸು ಬರುವಾಗ ಬಸ್ಸಿನಲ್ಲಿ ಲಲಿತಾ ಮೆಲ್ಲಗೆ, ತಾನು ಗೆದ್ದ ಜಿಲ್ಲಾ ಓಟಕ್ಕೆ ಮೊದಲು ಗಂಗಾವತಿಯ ಜಿಮ್‌ನವನೊಬ್ಬ ತನಗೆ ಸೂಜಿ ಚುಚ್ಚಿದ್ದನೆಂದು ಹೇಳಿಕೊಂಡಳು. ಮೆಹಜಬೀನ ಕಿಟಕಿಯ ಕಡೆ ಮುಖ ಮಾಡಿ, "ಹಂಗಾರ ಆವತ್ತ ಗೆದ್ದಾಕಿ ನೀ ಅಲ್ಲ ಬಿಡು, ಆ ಸೂಜಿ" ಎಂದಳು. ಲಲಿತಾ ಎದ್ದು ಹಿಂದಿನ ಸೀಟಿಗೆ ಹೋದಳು. ಮುಂದಿನ ಭಾನುವಾರದಿಂದ ಅವಳು ಬೇರೆ ಹೊತ್ತಿಗೆ ಓಡತೊಡಗಿದಳು. ತಾನು ಆಡಿದ್ದು ಸರಿಯೇ ಎಂದು ಮೆಹಜಬೀನ ನಂಬಿದ್ದಳು. ಆದರೆ ರಸ್ತೆ ಮಾತ್ರ ಅವತ್ತಿನಿಂದ ಉದ್ದವಾಯಿತು.

ಈ ವರ್ಷ ಕೊಪ್ಪಳದ ಆಯ್ಕೆ ಓಟದಲ್ಲಿ ಮೊದಲು ಬಂದ ಹುಡುಗಿಯನ್ನು ರಾಜ್ಯದ ತರಬೇತಿ ಶಿಬಿರಕ್ಕೆ ಕಳಿಸುತ್ತಾರೆಂದು ಸರ್ ಹೇಳಿದರು. ಒಬ್ಬಳಿಗೆ ಮಾತ್ರ ಜಾಗ. ಅಲ್ಲಿ ಊಟ, ಬೂಟು, ಕಾಲು ನೋಡುವ ಡಾಕ್ಟರು ಎಲ್ಲ ಇರುತ್ತದಂತೆ. ಮೆಹಜಬೀನ ಕನಸಿದ್ದು ಅದನ್ನಲ್ಲ. ಒಂದು ಕೋಣೆ, ಅದರಲ್ಲಿ ಸಾಲಾಗಿ ಮಂಚಗಳು, ಮಂಚದ ಮೇಲೆ ಕಾಲು ತಿಕ್ಕಿಕೊಳ್ಳುತ್ತ ಹರಟುವ ಓಟದ ಹುಡುಗಿಯರು. ಬೆಳಿಗ್ಗೆ ಎದ್ದರೆ ಹತ್ತಾರು ಜೊತೆ ಹೆಜ್ಜೆಗಳ ಸಪ್ಪಳ. ಅಷ್ಟೇ ಅವಳ ಆಸೆ.

ಆದರೆ ಮಳೆಗಾಲದ ಕೊನೆಗೆ ಮೊಣಕಾಲ ಕೆಳಗಿನ ಎಲುಬು ನೋಯತೊಡಗಿತು. ಓಡಿ ಬಂದವಳು ಗೋಡೆ ಹಿಡಿದು ಹೊಸ್ತಿಲು ದಾಟುತ್ತಿದ್ದಳು. ಸರ್ದಾರಬೀ ಕಂಡೂ ಕಾಣದಂತೆ ಇದ್ದು, ಒಂದು ದಿನ ದೊಡ್ಡ ಲೋಟದ ತುಂಬ ಬೆಲ್ಲ ಹಾಕಿದ ರಾಗಿ ಗಂಜಿ ತಂದು ಕೈಗಿಟ್ಟಳು. "ಕುಡಿ. ಬರೇ ರೊಟ್ಟಿ ಮ್ಯಾಲ ಓಡಿದ್ರ ಎಲುಬು ತಡಕೋತಾವೇನ?" ದಿನಾ ಗಂಜಿ ಬಂತು. ವಾರದೊಳಗೆ ನೋವು ಕರಗಿತು. ಕಾಲು ಹಗುರಾಯಿತು, ಏರು ಹತ್ತುವಾಗ ಉಸಿರು ಬಿಗಿಯುವುದು ನಿಂತಿತು. ಭಾನುವಾರ ಗಡಿಯಾರ ನೋಡಿದ ಸರ್, "ಏನ್ ಹುಡುಗಿ, ಹಾರಾಕತ್ತಿಯಲ್ಲ!" ಎಂದು ಬೆನ್ನು ತಟ್ಟಿದರು. ಕಳಕಮ್ಮ ಕಟ್ಟೆಯ ಮೇಲಿಂದ, "ಸರ್ದಾರಬೀ, ನಿನ್ನ ಮಗಳ ಮುಖ ದುಂಡಗ ಆಗೇತಿ ನೋಡು. ಲಗ್ನದ ಕಳಿ ಬಂದೈತಿ" ಎಂದು ಕೂಗಿದಳು.

"ಕಳಿ ಅಲ್ಲಬೇ, ಅದು ನನ್ನ ಗಂಜಿ" ಎಂದಳು ಸರ್ದಾರಬೀ. ಅವಳ ಮುಖವೂ ವರ್ಷಗಳಿಂದ ಹಾಗೆಯೇ ದುಂಡಗಿತ್ತು.

ಆಯ್ಕೆ ಓಟದ ಹಿಂದಿನ ಸಂಜೆ ಮೆಹಜಬೀನ ಚೀಲ ತುಂಬಿಕೊಳ್ಳುತ್ತಿದ್ದಳು. ಸರ್ದಾರಬೀ ಒಂದು ಸಣ್ಣ ಪೊಟ್ಟಣ ತಂದು ಬೂಟಿನ ಪಕ್ಕಕ್ಕೆ ತುರುಕಿದಳು.

"ಏನಬೇ ಇದು?"

"ನಾಳಿ ಅಲ್ಲಿ ನಿನಗ ಗಂಜಿ ಯಾರ್ ಕಾಸ್ತಾರ? ಇದನ್ನ ನೀರಾಗ ಕಲಿಸ್ಕೊಂಡು ಕುಡಿ. ಪುಡಿ ಮಾಡೀನಿ."

"ಏನ್ ಪುಡಿ?"

"ನನ್ನ ಗುಳಿಗಿನ. ದಿನಾ ಹಾಕ್ತಿದ್ನಲ್ಲ. ಒಂದ ಗುಳಿಗಿ ನನಗ, ಒಂದ ನಿನಗ."

ಮೆಹಜಬೀನಳ ಕೈ ನಿಂತಿತು. "ದಿನಾ ಹಾಕ್ತಿದ್ದಿ? ನನಗ ಯಾಕ ಹೇಳ್ಲಿಲ್ಲ?"

"ಹೇಳೂದೇನೈತಿ ಅದ್ರಾಗ? ಗಂಜಿಗಿ ಉಪ್ಪ ಹಾಕಿದ್ರ ಹೇಳ್ತಾರೇನ? ನನ್ನ ಮಂಡಿಗಿ ಹತ್ತಿದ್ದು ನಿನ್ನ ಕಾಲಿಗಿ ಹತ್ತೂದಿಲ್ಲೇನ ಅಂತ ಹಾಕಿದೆ. ಹತ್ತಿತಲ್ಲ!" ಸರ್ದಾರಬೀ ಹೆಮ್ಮೆಯಿಂದ ನಕ್ಕಳು. ಅದನ್ನು ಅವಳು ಮುಚ್ಚಿಟ್ಟಿರಲೂ ಇಲ್ಲ. ಯಾರೂ ಕೇಳಿರಲಿಲ್ಲ.

ಮೆಹಜಬೀನ ಪೊಟ್ಟಣ ಹಿಡಿದು ಔಷಧಿ ಅಂಗಡಿಗೆ ಹೋದಳು. ಅಂಗಡಿಯವ ಬಾಗಿಲು ಹಾಕುವ ತಯಾರಿಯಲ್ಲಿದ್ದ. "ನಮ್ಮವ್ವ ಒಯ್ಯೂ ಗುಳಿಗಿ ಪುಡಿ ಇದು. ಇದ್ರಾಗ ಏನೈತ್ರಿ?" ಎಂದು ಕೇಳಿದಳು.

"ಹೆಂಗಸರ ಗುಳಿಗಿರಿ ತಂಗಿ. ದುಡಿಯೋರು ಒಯ್ತಾರ. ನೋವಿಂದೈತಿ, ಸ್ವಲ್ಪ ಸ್ಟೀರಾಯ್ಡ್ ಐತಿ. ಏನೂ ಆಗೂದಿಲ್ಲ ಬಿಡ್ರಿ, ನಮ್ಮನ್ಯಾಗೂ ತಗೋತಾರ."

ಅವಳು ಸಂತೆ ಬಯಲಿನ ಅಂಚಿನಲ್ಲಿ ಬಹಳ ಹೊತ್ತು ನಿಂತಳು. ಏರು ಹತ್ತಿದ್ದು ಯಾರು? ಸರ್ ಬೆನ್ನು ತಟ್ಟಿದ್ದು ಯಾರಿಗೆ? ಈ ಎರಡು ತಿಂಗಳಲ್ಲಿ ತನ್ನ ಕಾಲು ಮಾಡಿದ್ದೆಷ್ಟು, ಗುಳಿಗೆ ಮಾಡಿದ್ದೆಷ್ಟು ಎಂದು ಬಿಡಿಸಿ ನೋಡುವುದು, ಗಾದಿಗೆ ತುಂಬಿದ ಮೇಲೆ ಹಳೆ ಅರಳೆ ಯಾವುದು ಹೊಸ ಅರಳೆ ಯಾವುದು ಎಂದು ಹುಡುಕಿದ ಹಾಗಿತ್ತು.

ಮರುದಿನ ಕೊಪ್ಪಳದ ಕ್ರೀಡಾಂಗಣದ ಗೇಟಿನ ಹತ್ತಿರ ಅವಳು ಸರ್‌ಗೆ ಎಲ್ಲ ಹೇಳಿದಳು. ಉಮಾಪತಿ ಸರ್ ಸುತ್ತ ನೋಡಿ ದನಿ ತಗ್ಗಿಸಿದರು.

"ಸುಮ್ನಿರು. ಇಲ್ಲಿ ಯಾರ್ ಪರೀಕ್ಷಾ ಮಾಡ್ತಾರ? ಶಿಬಿರಕ್ಕ ಹೋಗೂದ್ರಾಗ ಮೈಯಿಂದ ಎಲ್ಲಾ ಹೋಗಿರ್ತೈತಿ."

"ಸರ್, ಆದ್ರ ಇವತ್ತ ಮೈಯಾಗ ಐತಲ್ರಿ."

"ನಿನಗ ಗೊತ್ತಿಲ್ದ ಆಗಿದ್ದು. ನಿನ್ನ ತಪ್ಪಿಲ್ಲ."

"ನಿನ್ನೀ ಮಟಾ ಗೊತ್ತಿರ್ಲಿಲ್ರಿ. ಈಗ ಗೊತ್ತೈತಿ."

ಸರ್ ಕೈಯಲ್ಲಿದ್ದ ಟೋಪಿಯನ್ನು ತೊಡೆಗೆ ಬಡಿದರು. "ಇಷ್ಟು ವರ್ಷ ನಿನ್ನ ಮ್ಯಾಲ ದುಡದೀನಿ ನಾ. ಊರಾಗಿನ ಅರ್ಧ ಹೆಂಗಸರು ತಿನ್ನೂ ಗುಳಿಗಿ ಅದು. ನೀ ಒಬ್ಬಾಕಿ ಸತ್ಯವಂತಿ ಆಗಿ ಏನ್ ಮಾಡಾಕಿ?" ಅಂದವರು, ಅವಳು ಅಲ್ಲಾಡದ್ದನ್ನು ಕಂಡು ಬೆನ್ನು ತಿರುಗಿಸಿ ಹೋದರು. ಅವರು ಕೆಟ್ಟವರಲ್ಲ. ದೊಡ್ಡ ಓಟಕ್ಕೆ ಒಬ್ಬ ಹುಡುಗಿಯನ್ನಾದರೂ ಕಳಿಸಬೇಕೆಂಬ ಅವರ ಆಸೆ ಅವತ್ತು ಗೇಟಿನ ಹತ್ತಿರವೇ ಬಿದ್ದುಹೋಯಿತು.

ಹೆಸರು ಕೂಗಿದಾಗ ಮೆಹಜಬೀನ ಹೋಗಿ, ತಾನು ಓಡುವುದಿಲ್ಲವೆಂದು ಹೇಳಿ ನಂಬರಿನ ಬಟ್ಟೆ ವಾಪಸು ಕೊಟ್ಟಳು. ಮೆಟ್ಟಿಲ ಮೇಲೆ ಕುಳಿತು ಓಟ ನೋಡಿದಳು. ಲಲಿತಾ ಗೆದ್ದಳು. ಬೂಟು ಬಿಚ್ಚಿ ಕೈಯಲ್ಲಿ ಹಿಡಿದು, ಏದುಸಿರಿನಲ್ಲೇ ಅವಳು ಮೆಟ್ಟಿಲ ಹತ್ತಿರ ಬಂದಳು.

"ಯಾಕ ಓಡ್ಲಿಲ್ಲ? ಕಾಲಿಗೇನಾತು?"

ಮೆಹಜಬೀನ ಹೇಳಿದಳು. ಲಲಿತಾ ಅವಳ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕುಳಿತಳು.

"ಆವತ್ತ ಬಸ್ಸಿನ್ಯಾಗ ನನಗೇನಂದಿದ್ದಿ, ನೆನಪೈತಿ?"

"ಐತಿ."

"ಭಾಳ ದಿನ ಅತ್ತೀನಿ ನಾ." ಲಲಿತಾ ಬೂಟಿನ ಮಣ್ಣು ಕೊಡವಿದಳು. "ಈ ಸಲ ನಾ ಏನೂ ತಗೊಂಡಿಲ್ಲ. ನಿನಗ ಹೇಳಬೇಕನ್ನಿಸ್ತು, ಹೇಳೀನಿ."

"ಛಲೋ ಓಡಿದಿ" ಎಂದಳು ಮೆಹಜಬೀನ. ಇನ್ನೂ ಏನಾದರೂ ಹೇಳಬೇಕಿತ್ತು. ಅಷ್ಟರಲ್ಲಿ ಲಲಿತಾಳ ಮನೆಯವರು ಹಾರ ತಂದರು, ಫೋಟೊ ತೆಗೆಯಲು ಕರೆದರು.

ಮನೆಯಲ್ಲಿ ಅವಳು "ಸೋತೆ" ಎಂದಷ್ಟೇ ಹೇಳಿದಳು. ಬೇರೆ ಏನು ಹೇಳಿದರೂ ಅದರ ತಪ್ಪು ಅವ್ವನ ಕೈಗೆ ತಗಲುತ್ತಿತ್ತು. ಜಿಲಾನಸಾಬ ಯಂತ್ರ ನಿಲ್ಲಿಸದೆಯೇ "ಹೋಗ್ಲಿ ಬಿಡು" ಎಂದ. ಸರ್ದಾರಬೀ ದಬ್ಬಣವನ್ನು ಗಾದಿಯಲ್ಲೇ ಚುಚ್ಚಿಟ್ಟು ಎದ್ದು ಬಂದು, ಮಗಳ ತಲೆ ಸವರಿ, "ನಂದ ತಪ್ಪು. ಇನ್ನೊಂದ ಗುಳಿಗಿ ಹೆಚ್ಚ ಹಾಕಬೇಕಿತ್ತು" ಎಂದಳು.

ಮರುದಿನದಿಂದ ಮೆಹಜಬೀನ ಗಂಜಿ ಮುಟ್ಟಲಿಲ್ಲ. ಮೊದಲ ದಿನ ಹಸಿವಿಲ್ಲ ಎಂದಳು, ಎರಡನೆಯ ದಿನ ಹೊಟ್ಟೆ ಸರಿಯಿಲ್ಲ ಎಂದಳು. ಮೂರನೆಯ ದಿನ ಅವಳೇ ಒಲೆಯ ಮುಂದೆ ಕುಳಿತು ತನ್ನ ಗಂಜಿ ಕಾಸಿಕೊಳ್ಳಲು ಹೋದಾಗ ಸರ್ದಾರಬೀ ಪಾತ್ರೆ ಕಸಿದುಕೊಂಡಳು.

"ನನ್ನ ಕೈದು ಬ್ಯಾಡಾತೇನ ನಿನಗ?"

ಆಗ ಹೇಳಲೇಬೇಕಾಯಿತು. ತಾನು ಸೋಲಲಿಲ್ಲ, ಓಡಲೇ ಇಲ್ಲ. ಆ ಗುಳಿಗೆ ನುಂಗಿ ಓಡುವುದು ಓಟದಲ್ಲಿ ಮೋಸ. ಸರ್ದಾರಬೀ ಕೇಳುತ್ತ ಕೇಳುತ್ತ ಒಲೆಯ ಪಕ್ಕ ಕುಳಿತಳು. ಅಳಲಿಲ್ಲ. ಬಾತ ಮಂಡಿಗಳನ್ನು ಎರಡೂ ಕೈಯಿಂದ ಒತ್ತಿ ಹಿಡಿದು ಕೇಳಿದಳು:

"ನಾನೂ ಅದನ್ನ ತಿಂದ ದುಡೀತೀನಿ. ಇಷ್ಟ ವರ್ಷ ಗಾದಿ ಹೊಲದಿದ್ದು, ರೊಟ್ಟಿ ಬಡದಿದ್ದು, ನಿನ್ನ ಪಾಲಿಂದೂ ಮಾಡಿದ್ದು, ಅದೂ ಮೋಸನಾ?"

ಕೊಪ್ಪಳದಲ್ಲಿ ಭಾಷಣ ಮಾಡಿದ ಡಾಕ್ಟರು ಇದನ್ನು ಹೇಳಿರಲಿಲ್ಲ. ಅವಳು ಗೆದ್ದ ಹಳೆಯ ಓಟಗಳೆಲ್ಲ, ಗಂಜಿಗೆ ಗುಳಿಗೆ ಬೀಳುವ ಎಷ್ಟೋ ಮೊದಲಿನವು, ಈ ಮಂಡಿಗಳ ಮೇಲೆ ನಿಂತಿದ್ದವು. ಈ ಮಂಡಿಗಳು ಪೊಟ್ಟಣದ ಗುಳಿಗೆಯ ಮೇಲೆ. ಯಾವ ನಂಬರಿನ ಬಟ್ಟೆ ವಾಪಸು ಕೊಟ್ಟರೆ ಇದು ಮುಗಿಯುತ್ತದೆ?

ವಾರದ ಮೇಲೆ ಅವಳು ತಾಯಿಯನ್ನು ಕುಷ್ಟಗಿಯ ಸರಕಾರಿ ಡಾಕ್ಟರಮ್ಮನ ಹತ್ತಿರ ಕರೆದೊಯ್ದಳು. ಡಾಕ್ಟರಮ್ಮ ಇಬ್ಬರ ದುಂಡು ಮುಖವನ್ನೂ ನೋಡಿ, ಇದು ಗುಳಿಗೆಯ ಬಾವು ಎಂದು ಇಬ್ಬರನ್ನೂ ಪರೀಕ್ಷಿಸಿದರು. ಮಗಳು ತಾನಾಗಿ ಗುಳಿಗೆಯನ್ನು ಹಾಗೆ ತಟ್ಟನೆ ಬಿಟ್ಟದ್ದು ತಪ್ಪು, ಮೈ ಸೋಲುತ್ತದೆ ಎಂದು ಗದರಿದರು. ಸುಸ್ತು ಹೆಚ್ಚಾದರೆ ಅವತ್ತೇ ಬರಬೇಕು ಎಂದರು. ತಾಯಿಯದು ವರ್ಷಗಳ ರೂಢಿ, ನಿಧಾನವಾಗಿ ಇಳಿಸಬೇಕು. "ಮತ್ತ ಮಂಡಿ ಊರಿ ಕೂಡೂ ಹಂಗಿಲ್ಲ. ಮಧ್ಯಾಹ್ನ ಮಲಗಬೇಕು. ಮನ್ಯಾಗ ಯಾರರ ಕೆಲಸ ಹಂಚ್ಕೋಬೇಕು."

ಈ ಮಾತನ್ನು ಮನೆಯಲ್ಲಿ ಹೇಳಿದಾಗ ಜಿಲಾನಸಾಬ, ಮಂಜೂರ ಇಬ್ಬರೂ ಒಟ್ಟಿಗೇ ಮೆಹಜಬೀನಳ ಕಡೆ ನೋಡಿದರು.

"ನನ್ನ ಏನ್ ನೋಡ್ತೀರಿ? ಟಾಕು ನಾ ಹಾಕ್ತೀನಿ, ರೊಟ್ಟಿ ನಾ ಬಡೀತೀನಿ. ನೀರು ಅಣ್ಣ ತರಬೇಕು."

"ನಾ ಕೊಡ ಹೊತ್ತು ನಳಕ್ಕ ಹೋಗ್ಲೇನ? ದೋಸ್ತರು ನಕ್ಕಾರು."

"ನಗಲಿ. ನನಗ ದಿನಾ ನಗ್ತಾರಲ್ಲ, ಸತ್ತೀನೇನ?"

ಮಂಜೂರ ಎರಡು ದಿನ ಮುನಿಸಿಕೊಂಡು, ಮೂರನೆಯ ದಿನದಿಂದ ನೀರು ತರತೊಡಗಿದ. ಕೊಡಗಳನ್ನು ಗಾಡಿಯಲ್ಲಿಟ್ಟು, ಮೇಲೆ ಗಾದಿಯ ಬಟ್ಟೆ ಹೊದಿಸಿ, ಗಿರಾಕಿಗೆ ಸಾಮಾನು ಒಯ್ಯುವವನ ಹಾಗೆ ಮುಖ ಮಾಡಿಕೊಂಡು ಬರುತ್ತಿದ್ದ. ಓಣಿಗೆಲ್ಲ ಗೊತ್ತಿತ್ತು, ನೀರು ದಾರಿಯುದ್ದಕ್ಕೂ ಸೋರುತ್ತಿತ್ತು. ಉಳಿದದ್ದೆಲ್ಲ ಮೆಹಜಬೀನಳ ಪಾಲಿಗೆ ಬಂತು. ಬೆಳಗಿನ ಓಟ ಹೋಯಿತು. ಟಾಕು ಮುಗಿಸಿ, ಸಂಜೆಯ ಅಡಿಗೆಗೆ ಮೊದಲು ಸಿಕ್ಕ ಹೊತ್ತಿನಲ್ಲಿ, ಜನ ಕಟ್ಟೆಗೆ ಬಂದು ಕೂರುವ ಹೊತ್ತಿಗೇ, ಅವಳು ಮುದಗಲ್ ರಸ್ತೆಗೆ ಇಳಿಯಬೇಕಿತ್ತು.

ಸರ್ ಫೋನು ಮಾಡುವುದು ನಿಂತಿತು. ಲಲಿತಾ ಶಿಬಿರದಿಂದ ಒಂದು ಫೋಟೊ ಕಳಿಸಿದ್ದಳು: ಸಾಲು ಮಂಚಗಳು, ಮಂಚಕ್ಕೆ ತೂಗುಹಾಕಿದ ಒದ್ದೆ ಸಾಕ್ಸು, ನಗುವ ಹುಡುಗಿಯರು. ಮೆಹಜಬೀನ ಅದನ್ನು ನೋಡಿ, ಫೋನು ಗೂಡಿನಲ್ಲಿಟ್ಟು ಬೂಟು ಕಟ್ಟಿಕೊಂಡಳು.

ಎಲುಬಿನ ನೋವು ಪೂರ್ತಿ ಮರಳಿ ಬಂದಿತ್ತು. ಜೊತೆಗೆ ಮೈಯೆಲ್ಲ ನೀರು ಬಸಿದುಹೋದ ಹಾಗೆ, ಡಾಕ್ಟರಮ್ಮ ಹೇಳಿದ್ದ ಆ ಸುಸ್ತು; ಮತ್ತೆ ಕುಷ್ಟಗಿಗೆ ಹೋಗಲು ಹೊತ್ತು ಸಿಕ್ಕಿರಲಿಲ್ಲ. ಮೊದಲು ಹಾರಿ ದಾಟುತ್ತಿದ್ದ ಏರಿನ ಬುಡದಲ್ಲೇ ಉಸಿರು ಕಟ್ಟಿತು. ಎಮ್ಮೆ ಹೊಡೆದುಕೊಂಡು ಹೊರಟ ಮುದುಕನೊಬ್ಬ ಅವಳ ಸಮಕ್ಕೇ ಸ್ವಲ್ಪ ದೂರ ನಡೆದು, ಆಮೇಲೆ ಮುಂದೆ ಹೋದ. ಇದು ಎಷ್ಟು ದಿನ ಹೀಗಿರುತ್ತದೆ, ಹಳೆಯ ಕಾಲು ಬರುತ್ತದೋ ಇಲ್ಲವೋ, ಕೇಳಲು ಓಟ ಗೊತ್ತಿದ್ದವರು ಯಾರೂ ಇರಲಿಲ್ಲ. ಅವಳು ಸೇತುವೆಯ ಕಟ್ಟೆಗೆ ಕೈಯೂರಿ ನಿಂತಳು, ಮತ್ತೆ ಓಡಿದಳು, ಮತ್ತೆ ನಿಂತಳು.

ಮನೆಗೆ ಬಂದಾಗ ಸರ್ದಾರಬೀ ಪಡಸಾಲೆಯಲ್ಲಿ, ಗಿರಾಕಿಗೆ ಹೋಗಬೇಕಿದ್ದ ಹೊಸ ಗಾದಿಯ ಒಂದು ಅಂಚಿಗೆ ಮಲಗಿದ್ದಳು. ನಿದ್ದೆಯಿಲ್ಲ. ಹಗಲು ಮಲಗುವುದು ಹೇಗೆಂದು ಅವಳಿಗೆ ಗೊತ್ತಿರಲಿಲ್ಲ. ಯಾರಾದರೂ ಬಂದಾರೆಂದು ಸೆರಗು ಸರಿಪಡಿಸಿಕೊಳ್ಳುತ್ತ, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಎದೆಯ ಮೇಲೊಮ್ಮೆ ಪಕ್ಕಕ್ಕೊಮ್ಮೆ ಇಡುತ್ತಿದ್ದಳು.

"ಎಲ್ಲಿ ಮಟಾ ಹೋಗಿದ್ದಿ?" ಎಂದು ಕೇಳಿದಳು.

"ಸೇತುವಿ ಮಟಾ."

"ನೋಯ್ತೈತೇನ?"

"ಹೂನಬೇ."

"ನನಗೂ" ಎಂದಳು ಸರ್ದಾರಬೀ. ಸ್ವಲ್ಪ ಸರಿದು ಗಾದಿಯ ಮೇಲೆ ಜಾಗ ಮಾಡಿದಳು. ಮೆಹಜಬೀನ ಆ ಜಾಗವನ್ನು ನೋಡಿದಳು. ಒಳಗೆ ಪರಾತದಲ್ಲಿ ಹಿಟ್ಟು ಹಾಗೇ ಇತ್ತು. ಅಪ್ಪ, ಅಣ್ಣ ಉಣ್ಣುವ ಹೊತ್ತಾಗುತ್ತಿತ್ತು. ಅವಳು ಬೂಟು ಬಿಚ್ಚಿ, ಕೈ ತೊಳೆದು, ಒಲೆಯ ಮುಂದೆ ಕುಳಿತಳು.